ಮದ್ದಿನ ಪಂಪಿಗೆ ಮನೆಯ ವಾಷರ್

ಅಡಿಕೆಗೆ ಮದ್ದು ಹೊಡೆಯುವ ಕೈಪಂಪು ಒತ್ತಡ ಕಟ್ಟುತ್ತಿಲ್ಲವೆಂದರೆ ಪಂಪೇ ಹಾಳಾಯಿತೆಂದು ಮೂಲೆಗೆ ಹಾಕುವವರಿದ್ದಾರೆ. ಎಷ್ಟೋ ಸಲ ಸವೆದಿರುವುದು ಪಿಸ್ಟನ್ನಿನ ಚರ್ಮದ ವಾಷರ್ ಒಂದೇ. ಕೊಳೆರೋಗಕ್ಕೆ ಹೊಡೆಯುವ ಈ ಮದ್ದು ಶೇ. 1ರ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಸೋಸಿದ ಮೇಲೂ ಉಳಿಯುವ ಸುಣ್ಣದ ಕಣಗಳು ಪಿಸ್ಟನ್ ಆಡಿದಷ್ಟೂ ಚರ್ಮವನ್ನು ಉಜ್ಜುತ್ತವೆ. ಹಿತ್ತಾಳೆಯ ಸಿಲಿಂಡರ್ ಉಳಿಯಲೆಂದೇ ಚರ್ಮ ಸವೆಯುತ್ತದೆ. ಹೀಗೆ ಸವೆಯಲೆಂದೇ ಇಟ್ಟ ಭಾಗವನ್ನು ಮನೆಯಲ್ಲಿ ಧಾರಾಳವಾಗಿ ಮಾಡಿಕೊಳ್ಳಬಹುದು. ಅದರ ಕೆಲಸವೇನೆಂದು ಮಾತ್ರ ಮೊದಲು ಗೊತ್ತಿರಬೇಕು.

ಹಳೆ ಸೈಕಲ್ ಟ್ಯೂಬನ್ನು ದುಂಡಗೆ ಕತ್ತರಿಸಿ ಕೂರಿಸುವುದು ಎಲ್ಲರಿಗೂ ಹೊಳೆಯುವ ಉಪಾಯ. ಅದು ಬಾಳುವುದಿಲ್ಲ. ಚಪ್ಪಟೆ ರಬ್ಬರ್ ಮುಚ್ಚಳದಡಿ ಅಲ್ಲಾಡದ ಜಾಗಕ್ಕೆ ಸರಿ, ಮೇಲೆ ಕೆಳಗೆ ಓಡಾಡುವಲ್ಲಿ ಮಡಚಿಕೊಳ್ಳುತ್ತದೆ. ಚರ್ಮದ ವಾಷರ್ ಬಟ್ಟಲಿನಾಕಾರದ್ದು. ಒತ್ತಡ ಬಿದ್ದಷ್ಟೂ ಅದರ ಅಂಚು ಅರಳಿ ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ತೊಗಟೆಯಲ್ಲಿ ಹದಮಾಡಿದ ದಪ್ಪ ಚರ್ಮದ ಬಿಲ್ಲೆಯನ್ನು ನೀರಲ್ಲಿ ನೆನೆಸಿ, ಸಿಲಿಂಡರಿನಷ್ಟೇ ಅಗಲದ ತೂತು ಕೊರೆದ ಹಲಗೆಯ ಮೇಲಿಟ್ಟು, ಸುತ್ತಲೂ ಚರ್ಮದ ದಪ್ಪದಷ್ಟು ಜಾಗ ಬಿಡುವ ಗೂಟದಿಂದ ಒಳಗೆ ಒತ್ತಿ ನೆರಳಲ್ಲಿ ಒಣಗಿಸಿದರೆ ಬಟ್ಟಲು ತಯಾರು. ಅಂಚನ್ನು ಸಮ ಮಾಡಿ ಎಣ್ಣೆ ಕುಡಿಸಿ ಕೂರಿಸಬೇಕು. ಎಣ್ಣೆ ಆರಿದ ಚರ್ಮ ಮುದುಡಿ ಗಾಳಿ ಬಿಡುತ್ತದೆ. ಪಂಪು ಅಟ್ಟ ಸೇರುವಾಗ ಎಣ್ಣೆ ಹಚ್ಚದಿರುವುದೇ ಅರ್ಧ ತೊಂದರೆಗಳಿಗೆ ಮೂಲ.

ಅಂಗಡಿಯ ಅಗ್ಗದ ವಾಷರಿಗೆ ಬದಲು ಇಷ್ಟೆಲ್ಲ ಉಸಾಬರಿ ಯಾಕೆ ಎನ್ನಬಹುದು. ಸಿಕ್ಕರೆ ಕೊಳ್ಳಿ. ಹಳೆಯ ಪಂಪಿನ ಅಳತೆಯದು ಸಿಗದೆ, ಆಷಾಢದಲ್ಲಿ ಎರಡೇ ದಿನ ಹೊಳವಾದಾಗ ಲೆಕ್ಕ ಬೇರೆ. ಪಾರ್ಸೆಲ್ ಬರುವವರೆಗೆ ಕೊಳೆರೋಗ ಕಾಯುವುದಿಲ್ಲ. ಮನೆಯಲ್ಲಿ ಮಾಡಿದ್ದು ಅಪಾಯವೆಂಬ ಮಾತಿನಲ್ಲಿ ಹುರುಳಿದೆ, ಆದರೆ ಎಲ್ಲ ಭಾಗಗಳಿಗೂ ಅಲ್ಲ. ವಾಷರ್ ಸೋತರೆ ಒತ್ತಡ ಇಳಿಯುತ್ತದೆ, ಅಷ್ಟೇ. ಒತ್ತಡದ ಪೈಪಿನ ಜೋಡಣೆ ಬಿಟ್ಟರೆ ಮದ್ದು ಮುಖಕ್ಕೆ ಹಾರುತ್ತದೆ. ಕಳೆ ಕೊಚ್ಚುವ ಯಂತ್ರದ ಬ್ಲೇಡ್ ಮುರಿದರೆ ಕಾಲೇ ಹೋದೀತು. ಅಲ್ಲಿ ಕಂಪನಿಯ ಭಾಗವೇ ಬೇಕು. ಮದ್ದು ತಾಗುವಲ್ಲಿ ಕಬ್ಬಿಣದ ಬೋಲ್ಟೂ ಬೇಡ, ಸುಣ್ಣ ಕಡಿಮೆಯಾದ ದಿನ ಮೈಲುತುತ್ತು ಅದನ್ನು ತಿನ್ನುತ್ತದೆ. ಇನ್ನು ನಾಜಲ್ ಕಟ್ಟಿದರೆ ತಂತಿ ಚುಚ್ಚಬೇಡಿ: ತೂತು ಹಿಗ್ಗಿದರೆ ಮದ್ದು ಮಂಜಾಗದೆ ದಪ್ಪ ಹನಿಗಳಾಗಿ ಉದುರುತ್ತದೆ. ಬಿಚ್ಚಿ ತೊಳೆಯಿರಿ, ಬಾಯಿಂದ ಮಾತ್ರ ಊದಬೇಡಿ.