ಮಾಹಿತಿಯ ನೀರಗಂಟಿ

ಕೊಳ್ಳೇಗಾಲ, ಯಳಂದೂರು, ಹನೂರುಗಳ ಸೀಮೆ ಕಾಡು, ಬೆಟ್ಟ, ಬಯಲುಗಳಿಂದ ಕೂಡಿದ ನಾಡು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಲೆ ಮಹದೇಶ್ವರನ ಬೆಟ್ಟ. ನಡುವಣ ಬಯಲಿನ ಬೇಸಾಯಕ್ಕೆ ಕೆರೆಗಳೇ ಹಿಂದಿನಿಂದಲೂ ಆಸರೆ. ಕೆರೆ ಎಷ್ಟೇ ದೊಡ್ಡದಾಗಿರಲಿ, ಅದನ್ನು ನೋಡಿಕೊಳ್ಳುವ ನೀರಗಂಟಿ ಇಲ್ಲದಿದ್ದರೆ ಅದು ಊರಿಗೆ ಉಪಕಾರಿಯಾಗದು. ಯಾವ ಹೊತ್ತಿನಲ್ಲಿ ತೂಬನ್ನು ಎತ್ತಬೇಕು, ಯಾವ ಗದ್ದೆಗೆ ಎಷ್ಟು ನೀರು ಹರಿಯಬೇಕು, ಏರಿಯಲ್ಲಿ ಎಲ್ಲಿ ನೀರು ಜಿನುಗುತ್ತಿದೆ ಎಂಬುದನ್ನೆಲ್ಲ ಆತನು ಬಲ್ಲನು. ಗದ್ದೆಗೆ ನೀರು ಸರಿಯಾಗಿ ಬರುತ್ತಿರುವಾಗ ಆತನನ್ನು ಯಾರೂ ನೆನೆಯುವುದಿಲ್ಲ. ನೀರು ನಿಂತೊಡನೆ ಎಲ್ಲರೂ ಆತನನ್ನೇ ಹುಡುಕುತ್ತಾರೆ.

ಇಂದಿನ ಕಾಲದಲ್ಲಿ ಇಂಥದೇ ಇನ್ನೊಂದು ಕೆರೆಯು ಜನಜೀವನಕ್ಕೆ ಆಧಾರವಾಗಿದೆ. ಅದು ನೀರಿನ ಕೆರೆಯಲ್ಲ, ಮಾಹಿತಿಯ ಕೆರೆ. ಅದಕ್ಕೆ ಸರ್ವರ್ ಎಂದು ಹೆಸರು. ಸರ್ವರ್ ಎಂದರೆ ಕೇಳಿದವರಿಗೆ ಕೇಳಿದ ಮಾಹಿತಿಯನ್ನು ಒದಗಿಸಲು ಹಗಲಿರುಳೂ ಎಚ್ಚರವಾಗಿರುವ ಗಣಕಯಂತ್ರ. ಜಾಲತಾಣಗಳ ಮೊದಲನೆಯ ಸರ್ವರ್ 1990ರಲ್ಲಿ ಜಿನೀವಾ ನಗರದ ಬಳಿಯ ಸರ್ನ್ ಎಂಬ ಸಂಶೋಧನಾ ಕೇಂದ್ರದಲ್ಲಿ ಕೆಲಸಮಾಡತೊಡಗಿತು. ಅದನ್ನು ಅಣಿಗೊಳಿಸಿದವರು ಟಿಮ್ ಬರ್ನರ್ಸ್-ಲೀ. ಇದು ಸರ್ವರ್, ಇದನ್ನು ಆರಿಸಬಾರದು ಎಂಬ ಅರ್ಥದ ಚೀಟಿಯೊಂದನ್ನು ಅದರ ಮೇಲೆ ಅಂಟಿಸಲಾಗಿತ್ತು. ಯಂತ್ರವು ಆರಿದರೆ ಅಂದು ಜಗತ್ತಿನ ಜಾಲವೆಲ್ಲ ಆರಿದಂತೆಯೇ ಆಗುತ್ತಿತ್ತು.

ಸರ್ವರಿಗೂ ಹಳ್ಳಿಯ ರೈತನಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವು ಕರ್ನಾಟಕದ ಭೂಮಿ ಯೋಜನೆಯಲ್ಲಿದೆ. ಹಿಂದೆ ಜಮೀನಿನ ಪಹಣಿಯು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿರುತ್ತಿತ್ತು. ನಕಲು ಬೇಕಾದವರು ಅವರನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ಪುಸ್ತಕದಲ್ಲಿ ಯಾರಾದರೂ ಒಂದು ಗೆರೆಯನ್ನು ತಿದ್ದಿದರೆ ತಿದ್ದಿದವರು ಯಾರು, ಯಾವಾಗ ತಿದ್ದಿದರು ಎಂಬುದು ತಿಳಿಯುತ್ತಿರಲಿಲ್ಲ. 2000ದ ವರ್ಷದ ಆಸುಪಾಸಿನಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ರಾಜ್ಯದ ಕಂದಾಯ ಇಲಾಖೆಯು ಸುಮಾರು 67 ಲಕ್ಷ ಭೂಹಿಡುವಳಿದಾರರ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲ್ಲೂಕು ಕಚೇರಿಗಳಲ್ಲಿ ಪಹಣಿ ನೀಡುವ ಕೇಂದ್ರಗಳು ತೆರೆದವು. ಬಂದ ರೈತನೂ ನೋಡಲೆಂದು ಆತನ ಕಡೆಗೆ ಮುಖಮಾಡಿದ ಇನ್ನೊಂದು ಪರದೆಯನ್ನು ಇರಿಸಲಾಯಿತು. ದಾಖಲೆಯನ್ನು ತಿದ್ದುವ ಸಿಬ್ಬಂದಿಯು ತಮ್ಮ ಬೆರಳಚ್ಚನ್ನು ಒತ್ತಿಯೇ ಒಳಹೋಗಬೇಕೆಂಬ ಕಟ್ಟುಪಾಡೂ ಬಂತು. ಕೊಳ್ಳೇಗಾಲದಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಹನೂರಿನ ರೈತನಿಗೂ ಇಂದು ಪಹಣಿಯು ದೊರೆಯುವುದು ಸರ್ವರಿನ ಮೂಲಕವೇ.

ಆದುದರಿಂದ ಸರ್ವರ್ ನಿಂತಿತೆಂದರೆ ಅದು ಎಲ್ಲೋ ದೂರದ ಯಂತ್ರದ ತೊಂದರೆಯಷ್ಟೇ ಅಲ್ಲ. ಬ್ಯಾಂಕಿನ ಸಾಲಕ್ಕೆ ಪಹಣಿ ಬೇಕೆಂದು ಬೆಟ್ಟದ ಹಳ್ಳಿಯಿಂದ ಬಸ್ಸಿನಲ್ಲಿ ಇಳಿದು ಬಂದ ರೈತನ ಒಂದು ದಿನದ ಕೂಲಿಯೂ ಬಸ್ಸಿನ ಹಣವೂ ಅದರೊಡನೆ ನಷ್ಟವಾಗುತ್ತವೆ. ವಿದ್ಯಾರ್ಥಿವೇತನದ ಅರ್ಜಿಯ ಕಡೆಯ ದಿನ ಸರ್ವರ್ ನಿಂತರೆ ಒಬ್ಬ ಹುಡುಗಿಯ ಓದಿಗೇ ತೊಡಕಾಗಬಹುದು. ಹೀಗಿರುವುದರಿಂದ ಸರ್ವರನ್ನು ಕಾಯುವ ಜಾಲತಂತ್ರಜ್ಞರ ಕೆಲಸದ ರೀತಿಯನ್ನೂ ಅವರ ಉಪಕರಣಗಳನ್ನೂ ಅರಿಯುವುದು ಉಚಿತವಾಗಿದೆ.

ಮೊದಲು ಮಾಹಿತಿಯು ಹರಿದು ಬರುವ ಬಗೆಯನ್ನು ತಿಳಿಯಬೇಕು. ಒಬ್ಬನು ಮೊಬೈಲಿನಲ್ಲಿ ಜಾಲತಾಣದ ಹೆಸರನ್ನು ಬರೆದಾಗ, ಆ ಹೆಸರಿಗೆ ತಕ್ಕ ಅಂಕಿಗಳ ವಿಳಾಸವನ್ನು ಹುಡುಕಿ ಕೊಡುವ ವ್ಯವಸ್ಥೆಯೊಂದಿದೆ. ಆ ವಿಳಾಸದ ಸರ್ವರಿಗೆ ಕೋರಿಕೆಯು ತಲಪುತ್ತದೆ. ಅಲ್ಲಿನ ತಂತ್ರಾಂಶವು ಕೋರಿಕೆಯನ್ನು ಓದಿ, ದತ್ತಾಂಶದ ಉಗ್ರಾಣದಿಂದ ಬೇಕಾದುದನ್ನು ತೆಗೆದು, ಪುಟವಾಗಿ ಜೋಡಿಸಿ ಹಿಂದಿರುಗಿಸುತ್ತದೆ. ಪ್ರತಿ ಉತ್ತರದ ಜೊತೆಗೂ ಒಂದು ಅಂಕಿ ಇರುತ್ತದೆ. 200 ಎಂದರೆ ಕೆಲಸ ಸರಿಯಾಗಿ ಮುಗಿಯಿತು ಎಂದು ಅರ್ಥ. 404 ಎಂದರೆ ಕೇಳಿದ ಪುಟ ಅಲ್ಲಿಲ್ಲ. 500 ಎಂದರೆ ಸರ್ವರಿನ ಒಳಗೇ ಏನೋ ಕೆಟ್ಟಿದೆ. 503 ಎಂದರೆ ಸರ್ವರ್ ಸದ್ಯಕ್ಕೆ ಸೇವೆ ನೀಡಲಾರದ ಸ್ಥಿತಿಯಲ್ಲಿದೆ. ವೈದ್ಯನಿಗೆ ನಾಡಿ ಹೇಗೋ ತಂತ್ರಜ್ಞನಿಗೆ ಈ ಅಂಕಿಗಳು ಹಾಗೆ.

ನೀರಗಂಟಿಯು ಕೆರೆಯ ಏರಿಯ ಮೇಲೆಯೇ ನಡೆದಾಡುತ್ತಾನೆ. ಸರ್ವರಿನ ಪಾಲಕನಾದರೋ ಸಾಮಾನ್ಯವಾಗಿ ಅದರಿಂದ ನೂರಾರು ಮೈಲಿ ದೂರದಲ್ಲಿರುತ್ತಾನೆ. ಆತನು ಜಾಲದ ಮೂಲಕವೇ ಅದರ ಒಳಹೋಗಬೇಕು. ಹಿಂದೆ ಹೀಗೆ ಹೋಗುವಾಗ ಗುಪ್ತಪದವು ತೆರೆದ ಅಂಚೆಕಾರ್ಡಿನಂತೆ ದಾರಿಯಲ್ಲಿ ಸಾಗುತ್ತಿತ್ತು. ನಡುವೆ ಯಾರು ಬೇಕಾದರೂ ಅದನ್ನು ಓದಬಹುದಾಗಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಹೀಗೆ ಗುಪ್ತಪದಗಳ ಕಳವು ನಡೆಯಿತು. ಅಲ್ಲಿದ್ದ ಟಾಟು ಯ್ಲೋನೆನ್ ಎಂಬುವರು ಇದಕ್ಕೆ ಪರಿಹಾರವಾಗಿ ಎಸ್‌ಎಸ್‌ಎಚ್ ಎಂಬ ತಂತ್ರಾಂಶವನ್ನು ರಚಿಸಿದರು. ಇದರಲ್ಲಿ ಮಾತುಕತೆಯೆಲ್ಲ ಗೂಢಲಿಪಿಯಲ್ಲಿ ಸಾಗುತ್ತದೆ. ಪಾಲಕನು ಒಂದು ಜೊತೆ ಕೀಲಿಗಳನ್ನು ಮಾಡಿಕೊಳ್ಳುತ್ತಾನೆ. ಒಂದನ್ನು ಬೀಗದಂತೆ ಸರ್ವರಿನಲ್ಲಿ ಇಡುತ್ತಾನೆ. ಅದನ್ನು ತೆರೆಯುವ ಇನ್ನೊಂದು ಕೀಲಿಯು ಆತನ ಬಳಿಯಲ್ಲಿಯೇ ಉಳಿಯುತ್ತದೆ. ಅದನ್ನು ಮತ್ತೊಬ್ಬರಿಗೆ ಕೊಡದಿರುವುದು ಈ ವೃತ್ತಿಯ ಮೊದಲ ನೀತಿ.

ಎರಡನೆಯ ನೀತಿಯೆಂದರೆ, ಜನರು ಬಳಸುತ್ತಿರುವ ಸರ್ವರಿನಲ್ಲಿ ನೇರವಾಗಿ ತಿದ್ದುಪಡಿ ಮಾಡಬಾರದು. ಕೊಳ್ಳೇಗಾಲವು ರೇಷ್ಮೆಗೆ ಹೆಸರಾದ ಊರು. ರೇಷ್ಮೆ ಸೀರೆಯ ಅಂಚಿಗೆ ಹೊಸ ಚಿತ್ತಾರ ಬೇಕಾದಾಗ ಅದನ್ನು ಮೊದಲು ಚೌಕುಳಿ ಕಾಗದದ ಮೇಲೆ ಬರೆದು ನೋಡುವುದುಂಟು. ಕಾಗದದಲ್ಲಿ ತಪ್ಪಿದರೆ ಅಳಿಸಬಹುದು. ಮಗ್ಗದಲ್ಲಿ ತಪ್ಪಿದರೆ ರೇಷ್ಮೆಯೇ ಹಾಳು. ಅದರಂತೆಯೇ ತಂತ್ರಜ್ಞರು ಸರ್ವರಿನ ಪ್ರತಿರೂಪವೊಂದನ್ನು ಬೇರೆಯಾಗಿ ಇಟ್ಟು, ಹೊಸ ತಿದ್ದುಪಡಿಯನ್ನು ಅದರಲ್ಲಿ ಪರೀಕ್ಷಿಸಿ, ಅನಂತರವೇ ನಿಜವಾದ ಸರ್ವರಿಗೆ ಸಾಗಿಸುತ್ತಾರೆ.

ಪ್ರತಿಯೊಂದು ತಿದ್ದುಪಡಿಯ ಲೆಕ್ಕವನ್ನಿಡಲು ಗಿಟ್ ಎಂಬ ಸಾಧನವಿದೆ. ಇದನ್ನು 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರಚಿಸಿದರು. ಯಾವ ಸಾಲನ್ನು ಯಾರು, ಎಂದು, ಏಕೆ ಬದಲಿಸಿದರು ಎಂಬುದು ಇದರಲ್ಲಿ ದಾಖಲಾಗುತ್ತದೆ. ಹೊಸತು ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಕೈಬರಹದ ಪಹಣಿ ಪುಸ್ತಕದಲ್ಲಿ ಇಲ್ಲದಿದ್ದ ಅನುಕೂಲವೇ ಇದು.

ನೀರಗಂಟಿಯಂತೆ ಸರ್ವರಿನ ಪಾಲಕನಿಗೂ ಹೊತ್ತುಹೊತ್ತಿಗೆ ಮಾಡಬೇಕಾದ ಕೆಲಸಗಳಿವೆ. ಕ್ರಾನ್ ಎಂಬ ಸಾಧನವು ನಿಗದಿಯಾದ ಗಳಿಗೆಗೆ ನಿಗದಿಯಾದ ಕೆಲಸವನ್ನು ತಾನಾಗಿಯೇ ನಡೆಸುತ್ತದೆ. ಸರ್ವರ್ ತನ್ನಲ್ಲಿ ನಡೆದುದನ್ನೆಲ್ಲ ದಿನಚರಿಯಂತೆ ಬರೆದಿಡುತ್ತದೆ. ಇದಕ್ಕೆ ಲಾಗ್ ಎಂದು ಹೆಸರು. ತೊಂದರೆಯಾದಾಗ ಪಳಗಿದ ಪಾಲಕನು ಊಹೆಗೆ ಕೈಹಾಕದೆ ಮೊದಲು ಲಾಗನ್ನು ಓದುತ್ತಾನೆ. ಆದರೆ ಈ ದಿನಚರಿಯೇ ಬೆಳೆಬೆಳೆದು ಯಂತ್ರದ ಸ್ಥಳವನ್ನೆಲ್ಲ ತುಂಬಿ ಸರ್ವರನ್ನು ನಿಲ್ಲಿಸುವುದೂ ಉಂಟು. ಆದುದರಿಂದ ಹಳೆಯ ಪುಟಗಳನ್ನು ಕಾಲಕಾಲಕ್ಕೆ ತೆಗೆಯಬೇಕು. ಸ್ಥಳವು ಇಷ್ಟು ತುಂಬಿದರೆ ಎಚ್ಚರಿಸು ಎಂದು ಯಂತ್ರಕ್ಕೆ ಮೊದಲೇ ಹೇಳಿಡಬೇಕು. ಏರಿಯಲ್ಲಿ ನೀರು ಜಿನುಗುವಾಗಲೇ ಮಣ್ಣು ಮೆತ್ತುವವನು ಜಾಣ. ಒಡೆದ ಮೇಲೆ ಓಡಿಬರುವವನಿಂದ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಮಾಹಿತಿಯ ಪ್ರತಿಯನ್ನು ಕಾಪಾಡುವುದು. ಹದಿನೇಳನೆಯ ಶತಮಾನದಲ್ಲಿದ್ದ ಯಳಂದೂರಿನ ಸಂಚಿ ಹೊನ್ನಮ್ಮನ 'ಹದಿಬದೆಯ ಧರ್ಮ'ವನ್ನು ಇಂದಿನವರು ಓದುತ್ತಿದ್ದಾರೆ. ಹಿಂದಿನವರು ಕೃತಿಗಳನ್ನು ಓಲೆಗರಿಯಿಂದ ಓಲೆಗರಿಗೆ ಪ್ರತಿಮಾಡಿ ಉಳಿಸಿದುದೇ ಇದಕ್ಕೆ ಕಾರಣ. ಒಂದೇ ಪ್ರತಿಯಿದ್ದ ಕೃತಿಗೆ ಗೆದ್ದಲು ಹತ್ತಿದರೆ ಅದು ಶಾಶ್ವತವಾಗಿ ಅಳಿದಂತೆಯೇ. ಸರ್ವರಿನ ಪಾಲಕರೂ ಮೂರು ಪ್ರತಿಗಳನ್ನಿಡಬೇಕು, ಅವನ್ನು ಎರಡು ಬಗೆಯ ಸಾಧನಗಳಲ್ಲಿ ಇಡಬೇಕು, ಒಂದನ್ನು ಬೇರೆ ಊರಿನಲ್ಲಿ ಇಡಬೇಕು ಎಂಬ ಸೂತ್ರವನ್ನು ಪಾಲಿಸುತ್ತಾರೆ.

ಆದರೆ ಪ್ರತಿ ಇದೆಯೆಂದು ನಂಬುವುದು ಬೇರೆ, ಅದು ಇರುವುದನ್ನು ಕಣ್ಣಾರೆ ಕಾಣುವುದು ಬೇರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ನಡೆದ ಘಟನೆ ಇದಕ್ಕೆ ನಿದರ್ಶನ. ದಣಿದಿದ್ದ ತಂತ್ರಜ್ಞನೊಬ್ಬನು ತಾನು ಎರಡನೆಯ ಸರ್ವರಿನಲ್ಲಿದ್ದೇನೆಂದು ತಿಳಿದು, ಮುಖ್ಯ ಸರ್ವರಿನ ದತ್ತಾಂಶವನ್ನೇ ಅಳಿಸತೊಡಗಿದನು. ತಪ್ಪನ್ನು ಅರಿತು ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದುದು ಸುಮಾರು 4.5 ಗಿಗಾಬೈಟು ಮಾತ್ರ. ಪ್ರತಿಗಳನ್ನು ಹುಡುಕಿದಾಗ ದಿನವೂ ನಡೆಯಬೇಕಾಗಿದ್ದ ಪ್ರತಿಮಾಡುವ ಕೆಲಸವು ನಡೆಯದಿದ್ದುದು ಬೆಳಕಿಗೆ ಬಂತು. ಅದು ವಿಫಲವಾದ ಸುದ್ದಿಯನ್ನು ತಿಳಿಸುವ ಪತ್ರಗಳೂ ಯಾರಿಗೂ ತಲಪಿರಲಿಲ್ಲ. ಸುಮಾರು 6 ಗಂಟೆ ಮೊದಲು ಬೇರೊಂದು ಕಾರಣಕ್ಕಾಗಿ ಅದೇ ತಂತ್ರಜ್ಞನು ತೆಗೆದಿಟ್ಟಿದ್ದ ಪ್ರತಿಯೊಂದು ಸಂಸ್ಥೆಯನ್ನು ಉಳಿಸಿತು. ನಡುವಣ 6 ಗಂಟೆಗಳ ಮಾಹಿತಿಯಾದರೋ ಹಿಂದಿರುಗಲಿಲ್ಲ.

ಆ ಸಂಸ್ಥೆಯು ನಡೆದುದನ್ನು ಮರೆಮಾಡಲಿಲ್ಲ. ಎಲ್ಲಿ ತಪ್ಪಾಯಿತು, ಮುಂದೆ ಏನು ಮಾಡಬೇಕು ಎಂಬುದನ್ನು ಜಗತ್ತಿಗೇ ತಿಳಿಯುವಂತೆ ಬರೆದು ಪ್ರಕಟಿಸಿತು. ಒಬ್ಬ ವ್ಯಕ್ತಿಯನ್ನು ಹಳಿಯುವುದರ ಬದಲು ವ್ಯವಸ್ಥೆಯ ಲೋಪವನ್ನು ಹುಡುಕಿ ತಿದ್ದುವುದು ಮೇಲೆಂಬ ಪಾಠವನ್ನು ಅನೇಕ ತಂತ್ರಜ್ಞರು ಇದರಿಂದ ಕಲಿತರು. ಪ್ರತಿಯನ್ನು ತೆಗೆದರೆ ಸಾಲದು, ಅದರಿಂದ ಮಾಹಿತಿಯನ್ನು ಮರಳಿ ಪಡೆಯುವ ಅಭ್ಯಾಸವನ್ನೂ ಆಗಾಗ ನಡೆಸಬೇಕೆಂಬ ಮಾತು ಇನ್ನಷ್ಟು ಬಲವಾಯಿತು.

ಉಪಕರಣಗಳು ಬದಲಾಗುತ್ತವೆ. ಇಂದು ಹೊಸದೆನಿಸಿದುದು ನಾಳೆ ಹಳೆಯದಾಗಬಹುದು. ಆದರೆ ಕೀಲಿಯನ್ನು ಜೋಪಾನಮಾಡುವುದು, ಪರೀಕ್ಷಿಸಿದ ಮೇಲೆ ಬದಲಿಸುವುದು, ಮಾಡಿದುದನ್ನು ಬರೆದಿಡುವುದು, ಪ್ರತಿಯನ್ನು ಕಾಪಾಡುವುದು, ತಪ್ಪನ್ನು ಒಪ್ಪಿಕೊಳ್ಳುವುದು ಎಂಬ ನಿಯಮಗಳು ಬದಲಾಗವು. ಯಳಂದೂರಿನ ಕಚೇರಿಯಲ್ಲಿ ರೈತನೊಬ್ಬನು ಪಹಣಿಯನ್ನು ಪಡೆದು ಮಡಿಸಿ ಜೇಬಿನಲ್ಲಿಟ್ಟುಕೊಳ್ಳುವಾಗ, ಅದರ ಹಿಂದೆ ಎಷ್ಟು ಜನರ ಎಚ್ಚರವಿದೆಯೆಂಬುದು ಆತನಿಗೆ ತಿಳಿಯದು. ತಿಳಿಯಬೇಕಾಗಿಯೂ ಇಲ್ಲ. ಗದ್ದೆಗೆ ನೀರು ಹೊತ್ತಿಗೆ ಸರಿಯಾಗಿ ಬಂದರೆ ಸಾಕು. ನೀರಗಂಟಿಯ ದುಡಿಮೆಗೆ ಅದೇ ಸಾಕ್ಷಿ.