ನಾಲ್ಕು ಮುಖದ ಒಂದು ಬೆಟ್ಟ

ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟವು ಮೂಡಣದಿಂದ ನೋಡಿದವರಿಗೆ ಬಸವನಂತೆಯೂ, ಪಡುವಣದಿಂದ ನೋಡಿದವರಿಗೆ ಗಣಪತಿಯಂತೆಯೂ, ತೆಂಕಣದಿಂದ ಲಿಂಗದಂತೆಯೂ, ಬಡಗಣದಿಂದ ಹೆಡೆಯೆತ್ತಿದ ಸರ್ಪದಂತೆಯೂ ತೋರುವುದೆಂಬ ಮಾತು ಆ ಸೀಮೆಯ ಮಕ್ಕಳಿಗೂ ಗೊತ್ತು. ಎತ್ತಿನ ಹಿಣಿಲನ್ನು ನೆನಪಿಸುವ ಕಕುದ್ಗಿರಿ ಎಂಬ ಸಂಸ್ಕೃತ ನಾಮವು ಮೂಡಣದವರ ನೋಟಕ್ಕೆ ಸಂದ ಮನ್ನಣೆಯೆಂದೇ ನಾನು ಭಾವಿಸಿದ್ದೇನೆ. ಗಂಗಾಧರೇಶ್ವರನ ದರ್ಶನ ಮಾಡಿ, ಒಳಕಲ್ಲು ತೀರ್ಥದ ಕುಳಿಯಲ್ಲಿ ಕೈಯಿಳಿಸಿ ನೀರು ತಾಕುವುದೋ ಇಲ್ಲವೋ ಎಂದು ತವಕಿಸುವ ಯಾತ್ರಿಕರ ನಡುವೆ, ಮಾಗಡಿಯ ಕಡೆಯಿಂದ ಲಿಂಗವನ್ನು ಕಂಡುಬಂದವನೂ ದಾಬಸ್‌ಪೇಟೆಯ ಕಡೆಯಿಂದ ಸರ್ಪವನ್ನು ಕಂಡುಬಂದವನೂ ಒಂದೇ ಮೆಟ್ಟಿಲ ಮೇಲೆ ಕುಳಿತು ದಣಿವಾರಿಸಿಕೊಳ್ಳುವರು; ತಾವು ಕಂಡುದು ಬೇರೆ ಬೇರೆ ಬೆಟ್ಟವೆಂದು ಅವರಲ್ಲಿ ಒಬ್ಬನಿಗೂ ಸಂದೇಹ ಬಾರದು. ಆಕಾರ ನಾಲ್ಕು, ಬೆಟ್ಟ ಒಂದು ಎಂಬ ಈ ನಿಶ್ಚಯವು ಎಲ್ಲಿಂದ ಬಂದಿತು?

ಕಣ್ಣಿನಿಂದಲೇ ಬಂದಿತೆನ್ನುವಂತಿಲ್ಲ. ಕಣ್ಣು ಒಂದು ಕ್ಷಣದಲ್ಲಿ ಸ್ಪಷ್ಟವಾಗಿ ಕಾಣಬಲ್ಲುದು ತೋಳು ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು ಅಗಲವನ್ನು ಮಾತ್ರ. ಆದುದರಿಂದಲೇ ಅದು ಸೆಕೆಂಡಿಗೆ ಮೂರು ನಾಲ್ಕು ಬಾರಿ ನಮಗರಿವಿಲ್ಲದಂತೆ ನೆಗೆನೆಗೆದು, ಬೆಟ್ಟದ ಒಂದೊಂದು ತುಣುಕನ್ನು ಆಯ್ದು ತರುತ್ತಿರುತ್ತದೆ. ಒಂದೊಂದು ಕಣ್ಣಿನಿಂದಲೂ ಹೊರಟ ಸುಮಾರು 10 ಲಕ್ಷ ನರತಂತುಗಳು ಹೊತ್ತೊಯ್ಯುವ ಆ ತುಣುಕುಗಳು ತಲೆಯ ಹಿಂಬದಿಯ ಪ್ರದೇಶವನ್ನು ಮುಟ್ಟಿ, ಅಲ್ಲಿಂದ ಎರಡು ದಾರಿಗಳಾಗಿ ಕವಲೊಡೆಯುತ್ತವೆ: ಕಿವಿಯ ಬದಿಗೆ ಸಾಗುವ ಕೆಳದಾರಿಯಲ್ಲಿ ಅದು ಏನೆಂಬುದು, ನೆತ್ತಿಯ ಕಡೆಗೆ ಏರುವ ಮೇಲ್ದಾರಿಯಲ್ಲಿ ಅದು ಎಲ್ಲಿಹುದೆಂಬುದು ನಿರ್ಣಯವಾಗುತ್ತದೆಂದು 1982ರಲ್ಲಿ ಅಂಗರ್‌ಲೈಡರ್ ಮತ್ತು ಮಿಶ್ಕಿನ್ ಎಂಬ ವಿದ್ವಾಂಸರು ಪ್ರತಿಪಾದಿಸಿದರು. ಕೆಳದಾರಿಯ ಕೊನೆಯಲ್ಲಿ ವಸ್ತುವಿನ ಒಂದೇ ಪಾರ್ಶ್ವಕ್ಕೆ ಓಗೊಡುವ ಜೀವಕೋಶಗಳು ಹೇರಳವಾಗಿಯೂ, ಯಾವ ಪಾರ್ಶ್ವದಿಂದ ಕಂಡರೂ ಓಗೊಡುವಂಥವು ವಿರಳವಾಗಿಯೂ ಇರುವುದನ್ನು ಕೋತಿಗಳ ಮೇಲೆ ನಡೆದ ಪರೀಕ್ಷೆಗಳು ತೋರಿಸಿವೆ. ಬಸವನನ್ನು ಕಾಣುವವು ಬಹಳ, ಬೆಟ್ಟವನ್ನು ಕಾಣುವವು ಕೆಲವು ಎಂದು ನಾವು ನಮ್ಮ ಪರಿಯಲ್ಲಿ ಹೇಳಿಕೊಳ್ಳಬಹುದು.

ಆದರೆ ಈ ಏಕತ್ವಬುದ್ಧಿಯು ಹುಟ್ಟಿನಿಂದ ಬಂದುದಲ್ಲ. ಜಿನೀವಾ ನಗರದ ಜೀನ್ ಪಿಯಾಜೆ ಮತ್ತು ಬಾರ್ಬೆಲ್ ಇನ್‌ಹೆಲ್ಡರ್ ಅವರು 1948ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಪರೀಕ್ಷೆಯ ವಿವರವುಂಟು; ಅದನ್ನು ಮೊದಲು ಓದಿದಾಗ ಇದು ಶಿವಗಂಗೆಯ ತಪ್ಪಲಿನಲ್ಲಿ ಹೊಳೆಯಬೇಕಾಗಿದ್ದ ಯೋಚನೆಯಲ್ಲವೇ ಎನ್ನಿಸಿತು. ಮೇಜಿನ ಮೇಲೆ ಮೂರು ಕೃತಕ ಬೆಟ್ಟಗಳನ್ನಿಟ್ಟು, ಮಗುವನ್ನು ಒಂದು ಬದಿಯಲ್ಲಿಯೂ ಗೊಂಬೆಯೊಂದನ್ನು ಇನ್ನೊಂದು ಬದಿಯಲ್ಲಿಯೂ ಕೂರಿಸಿ, ಗೊಂಬೆಗೆ ಕಾಣುವ ನೋಟ ಯಾವುದೆಂದು ಚಿತ್ರಗಳಲ್ಲಿ ಆರಿಸಲು ಹೇಳಿದರೆ, ನಾಲ್ಕೈದು ವರ್ಷದ ಮಕ್ಕಳು ತಮಗೆ ಕಾಣುವ ನೋಟವನ್ನೇ ಗೊಂಬೆಗೂ ಆರೋಪಿಸಿದರು. ಏಳೆಂಟು ವರ್ಷಗಳು ತುಂಬುತ್ತ ಬಂದಂತೆ ಆಚೆಯ ಬದಿಯವರ ಕಣ್ಣೂ ಒಂದುಂಟೆಂಬ ಅರಿವು ಮೆಲ್ಲಮೆಲ್ಲನೆ ನೆಲೆಗೊಂಡಿತು. ಪರೀಕ್ಷೆಯನ್ನು ಸರಳಗೊಳಿಸಿದರೆ ಕಿರಿಯ ಮಕ್ಕಳೂ ಸರಿಯಾಗಿ ಹೇಳುವರೆಂದು ಮುಂದಿನವರು ತೋರಿಸಿದುದು ನಿಜ. ಅರಿವು ಬರುವ ವಯಸ್ಸು ಹಿಂದುಮುಂದಾದೀತು. ಅದು ಬೆಳೆದು ಬರುವಂಥದೆಂಬುದರಲ್ಲಿ ವಿವಾದವಿಲ್ಲ.

ಬೆಳೆಯುವುದಾದರೂ ಎಂತು? 1963ರಲ್ಲಿ ಹೆಲ್ಡ್ ಮತ್ತು ಹೈನ್ ಎಂಬವರು, ಉಳಿದ ವೇಳೆಯೆಲ್ಲ ಕತ್ತಲೆಯಲ್ಲಿ ಬೆಳೆಸಿದ ಎರಡು ಬೆಕ್ಕಿನ ಮರಿಗಳನ್ನು ಗಾಣದಂತೆ ತಿರುಗುವ ಒಂದು ಯಂತ್ರದ ಎರಡು ತುದಿಗಳಿಗೆ ಸೇರಿಸಿದರು. ಒಂದು ಮರಿ ತನ್ನ ಕಾಲಿನಿಂದ ನಡೆದು ಸುತ್ತಿತು. ಇನ್ನೊಂದು ತೊಟ್ಟಿಲಿನಲ್ಲಿ ಕುಳಿತು, ಮೊದಲನೆಯದು ಎಳೆದಂತೆ ಸುತ್ತಿತು. ಎರಡೂ ಕಂಡ ದೃಶ್ಯ ಒಂದೇ. ಆದರೂ, ನಡೆದ ಮರಿಯು ಆಳವನ್ನೂ ದೂರವನ್ನೂ ಅರಿತು ಹೆಜ್ಜೆಯಿಟ್ಟರೆ, ಹೊತ್ತೊಯ್ಯಲ್ಪಟ್ಟ ಮರಿಯು ಕಣ್ಣಿದ್ದೂ ಆಳವನ್ನರಿಯದೆ ಹೋಯಿತು. ಅದನ್ನು ಬೆಳಕಿನಲ್ಲಿ ಸ್ವೇಚ್ಛೆಯಾಗಿ ಓಡಾಡಲು ಬಿಟ್ಟ ಮೇಲೆ ಆ ಕೊರತೆ ನೀಗಿತು. ಕೂಸು ಅಂಬೆಗಾಲಿಡತೊಡಗಿದಾಗ ಮನೆಯ ಹಿರಿಯರು ಅದನ್ನು ಮೇಲಿಂದ ಮೇಲೆ ಎತ್ತಿಕೊಂಡುಬಿಡುವುದನ್ನು ಕಂಡಾಗಲೆಲ್ಲ, ಅದು ನೆಲವನ್ನು ಓದುತ್ತಿದೆ, ಬಿಡಿ ಎನ್ನಬೇಕೆನಿಸುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೆದುಳಿನ ವಸ್ತುಸಂಗ್ರಹಾಲಯದಲ್ಲಿ ಸಂದರ್ಶಕರ ಕೈಗೆ ನಿಜವಾದ ಮೆದುಳನ್ನೇ ಕೊಟ್ಟು ತೋರಿಸುವುದುಂಟು. ಜೀವಂತ ಮನುಷ್ಯನಲ್ಲಿ ಒಂದೂವರೆ ಕಿಲೋಗ್ರಾಂ ಕೂಡ ತೂಗದ ಆ ಅಂಗದ ಒಳಮಗ್ಗುಲಿನಲ್ಲಿ, ಕಡಲ್ಗುದುರೆಯನ್ನು ಹೋಲುವುದರಿಂದ ಹಿಪ್ಪೋಕ್ಯಾಂಪಸ್ ಎಂದು ಹೆಸರಾದ ಭಾಗವೊಂದಿದೆ. ಇಲಿಯು ಒಂದು ನಿರ್ದಿಷ್ಟ ಎಡೆಗೆ ಬಂದಾಗ ಮಾತ್ರ ಮಿಡಿಯುವ ಜೀವಕೋಶಗಳನ್ನು ಲಂಡನ್ನಿನ ಜಾನ್ ಓಕೀಫ್ ಅವರು ಈ ಭಾಗದಲ್ಲಿಯೇ ಕಂಡು 1971ರಲ್ಲಿ ಪ್ರಕಟಿಸಿದರು. ಅದರ ನೆರೆಯಲ್ಲಿಯೇ, ನೆಲವನ್ನೆಲ್ಲ ಸಮತ್ರಿಕೋನಗಳ ಬಲೆಯಂತೆ ಅಳೆಯುವ ಕೋಶಗಳನ್ನು ನಾರ್ವೆಯ ಮೇ-ಬ್ರಿಟ್ ಮತ್ತು ಎಡ್ವರ್ಡ್ ಮೋಸರ್ ಅವರ ತಂಡವು 2005ರಲ್ಲಿ ಗುರುತಿಸಿತು. 2014ರ ನೊಬೆಲ್ ಪಾರಿತೋಷಕವು ಈ ಮೂವರಿಗೆ ಸಂದಿತು. ಇವೆರಡಕ್ಕಿಂತ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು, 1984ರಲ್ಲಿ ಜೇಮ್ಸ್ ರ‍್ಯಾಂಕ್ ಅವರು ತಿಳಿಯಪಡಿಸಿದ ದಿಕ್ಕಿನ ಕೋಶಗಳು. ತಲೆಯು ಒಂದು ದಿಕ್ಕಿಗೆ ತಿರುಗಿದಾಗ ಮಾತ್ರ ಇವುಗಳಲ್ಲಿ ಒಂದೊಂದು ಮಿಡಿಯುವುದು. ಆದರೆ ಇವು ದಿಕ್ಸೂಚಿಯಂತೆ ಭೂಮಿಯ ಕಾಂತಕ್ಕೆ ಕಟ್ಟುಬಿದ್ದವಲ್ಲ. ಕಣ್ಣಿಗೆ ಬಿದ್ದ ಒಂದು ಸ್ಥಿರವಾದ ಗುರುತನ್ನು ನೆಮ್ಮಿ ನಿಂತಿರುತ್ತವೆ. ಇಲಿಯ ಆವರಣದ ಗೋಡೆಗೆ ಅಂಟಿಸಿದ ಒಂದೇ ಒಂದು ಬಿಳಿಯ ಹಲಗೆಯನ್ನು ಸರಿಸಿದರೆ, ಅದರೊಡನೆ ಆ ಕೋಶಗಳ ಮೂಡಣ ಪಡುವಣಗಳೂ ಸರಿದುಹೋಗುತ್ತವೆ.

ಶಿವಗಂಗೆಗೆ ಮೂಡಲಿನ ಹಳ್ಳಿಯೊಂದರಲ್ಲಿ ಬಾಳಿದ ನನ್ನ ತಾತನಿಗೆ ಆ ಬೆಟ್ಟವೇ ಅಂಥ ಹಲಗೆಯಾಗಿದ್ದಿತು. ನೊಗಕ್ಕೆ ಕಟ್ಟಿದ ಎತ್ತುಗಳನ್ನು ಮಾತ್ರ ಎಡದೆತ್ತು, ಬಲದೆತ್ತು ಎಂದು ಕರೆಯುತ್ತಿದ್ದ ಆತನು, ಉಳಿದ ಲೋಕವನ್ನೆಲ್ಲ ಮೂಡಲ ಹೊಲ, ಪಡುವಲ ತೋಟ, ತೆಂಕಲ ಬಾಗಿಲು ಎಂದೇ ವ್ಯವಹರಿಸುತ್ತಿದ್ದನು; ಅಡುಗೆಮನೆಯ ಕತ್ತಲೆಯಲ್ಲಿ ಚೊಂಬು ಎಲ್ಲಿದೆಯೆಂದು ಕೇಳಿದರೂ ಉತ್ತರವು ದಿಕ್ಕಿನಲ್ಲಿಯೇ ಬರುತ್ತಿದ್ದಿತು. ತಮಿಳುನಾಡಿನ ಹಳ್ಳಿಗರಲ್ಲಿಯೂ ಇಂಥದೇ ರೂಢಿಯಿದ್ದು, ಸಾಲಾಗಿ ಜೋಡಿಸಿದ ಆಟಿಕೆಗಳನ್ನು ಕಂಡು ಬೆನ್ನು ತಿರುಗಿಸಿ ಮತ್ತೆ ಜೋಡಿಸುವಾಗ ಅವರು ಎಡಬಲಗಳನ್ನು ಬಿಟ್ಟು ದಿಕ್ಕುಗಳನ್ನೇ ಉಳಿಸಿಕೊಳ್ಳುವರೆಂದೂ, ನಗರವಾಸಿಗಳು ಹಾಗಲ್ಲವೆಂದೂ ಎರಿಕ್ ಪೆಡರ್ಸನ್ ಎಂಬ ಭಾಷಾವಿಜ್ಞಾನಿ ತೋರಿಸಿಕೊಟ್ಟಿದ್ದಾರೆ. ಆಶ್ರಯವಿಲ್ಲದವನನ್ನು ದಿಕ್ಕಿಲ್ಲದವನೆಂದೂ, ಚಿತ್ತ ಕಂಗೆಟ್ಟುದನ್ನು ದಿಗ್ಭ್ರಮೆಯೆಂದೂ ಕರೆದ ನಮ್ಮ ನುಡಿಗೆ ಇದು ಹೊಸ ಸಂಗತಿಯಲ್ಲ.

ಮರೆವಿನ ರೋಗವಾದ ಆಲ್‌ಝೈಮರ್ ಮೊದಮೊದಲು ಆಕ್ರಮಿಸುವುದು ಹಿಪ್ಪೋಕ್ಯಾಂಪಸ್ಸಿನ ಈ ನೆರೆಹೊರೆಯನ್ನೇ; ಪರಿಚಿತ ಬೀದಿಯಲ್ಲಿ ದಾರಿ ತಪ್ಪುವುದು ಅದರ ಆದಿಲಕ್ಷಣಗಳಲ್ಲೊಂದು. ಹೊಸಕೋಟೆಯ ಆಚೆ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 45 ವರ್ಷ ದಾಟಿದ 10,000 ಹಳ್ಳಿಗರನ್ನು ಗುರಿಯಾಗಿಟ್ಟುಕೊಂಡು, ಮುಪ್ಪಿನ ಮೆದುಳನ್ನು ವರ್ಷಾನುವರ್ಷ ಪರೀಕ್ಷಿಸುವ ಮಹತ್ಕಾರ್ಯವನ್ನು ಕೈಗೊಂಡಿದ್ದಾರೆ.

ತಾತನಿಗೆ ಆ ರೋಗವಿತ್ತೋ ಇಲ್ಲವೋ ಯಾರೂ ಪರೀಕ್ಷಿಸಲಿಲ್ಲ. ಕಡೆಯ ವರ್ಷ ಆತನನ್ನು ಬೆಂಗಳೂರಿನ ಮನೆಗೆ ಕರೆತಂದಾಗ, ನಾಲ್ಕು ಕಡೆಯೂ ಎದ್ದು ನಿಂತ ಗೋಡೆಗಳ ನಡುವೆ, ನಡುರಾತ್ರಿ ಎದ್ದು ಕುಳಿತು, “ಬೆಟ್ಟ ಎತ್ತಲಾಗೈತೋ ಮಗಾ?” ಎಂದು ಕೇಳಿದನು. ಊರಿನಲ್ಲಿದ್ದಂತೆಯೇ ಇಲ್ಲಿಯೂ ಅದು ಪಡುವಲಿಗಿದ್ದಿತು. ಕೈಹಿಡಿದು ಆ ಗೋಡೆಯನ್ನು ಮುಟ್ಟಿಸಿ, “ಇತ್ತಲಾಗೈತೆ ತಾತ” ಎಂದೆನು. ಆತನು ಹಾಸಿಗೆಯನ್ನು ತಾನೇ ಎಳೆದು, ಮೂಡಲಿಗೆ ತಲೆಯಾಗುವಂತೆ ತಿರುಗಿಸಿ ಹಾಸಿಕೊಂಡು ಮಲಗಿದನು.