ತೂಕ ಇಳಿದಿಲ್ಲ, ಪ್ಯಾಂಟು ಸಡಿಲವಾಗಿದೆ: ಹಾಗಿದ್ರೆ ಅಳೆಯಬೇಕಾದ್ದು ಏನನ್ನು?

ಮೂರು ತಿಂಗಳು ಜಿಮ್‌ಗೆ ಹೋದ ಮೇಲೆ ನನ್ನ ತೂಕ ಇಳಿದದ್ದು ಬರೀ ಅರ್ಧ ಕೆಜಿ. 74 ಇದ್ದದ್ದು 73.5 ಆಯ್ತು. "ಇಷ್ಟು ದುಡ್ಡು ಕಟ್ಟಿ ಅರ್ಧ ಕೆಜಿನಾ?" ಅಂತ ಅಮ್ಮ ನಕ್ಕಳು. ಅದೇ ವಾರ ಪ್ಯಾಂಟು ಹಿಡಿಸೋಕೆ ಶಿವಮೊಗ್ಗದ ಗಾಂಧಿ ಬಜಾರ್‌ನಲ್ಲಿರೋ ನಮ್ಮ ಖಾಯಂ ಟೈಲರ್ ಹತ್ರ ಹೋದೆ. ಅವರು ಟೇಪು ಸುತ್ತಿ, "ಹೆಚ್ಚುಕಮ್ಮಿ ಒಂದಿಂಚು ಒಳಗೆ ಹಿಡೀಬೇಕು ಸಾರ್. ಹುಷಾರಿರಲಿಲ್ವಾ?" ಅಂದರು.

ತೂಕದ ಯಂತ್ರ ಏನೂ ಆಗಿಲ್ಲ ಅನ್ನುತ್ತೆ, ಟೇಪು ಏನೋ ಆಗಿದೆ ಅನ್ನುತ್ತೆ. ಇಂಜಿನಿಯರಿಂಗ್‌ನಲ್ಲಿ ಕಲಿತದ್ದರಲ್ಲಿ ಇವತ್ತಿಗೂ ನನ್ನ ಕೈಹಿಡಿಯೋದು ಒಂದೇ ಪಾಠ: ಎರಡು ಉಪಕರಣ ಎರಡು ಉತ್ತರ ಕೊಟ್ಟರೆ, ಅವು ಏನನ್ನು ಅಳೀತಿವೆ ಅಂತ ಮೊದಲು ಕೇಳು. ಕೊಬ್ಬು ಇಳಿಸಿ ಸ್ನಾಯು ಬೆಳೆಸಬೇಕು ಅಂತ ಹೊರಟವರೆಲ್ಲ ಕೇಳಬೇಕಾದ ಪ್ರಶ್ನೆಯೂ ಇದೇ.

ತೂಕ ಅಂದ್ರೆ ಕೊಬ್ಬಲ್ಲ

ತೂಕದ ಯಂತ್ರಕ್ಕೆ ಕೊಬ್ಬು, ಸ್ನಾಯು, ಮೂಳೆ, ನೀರು, ಬೆಳಿಗ್ಗೆ ತಿಂದ ಇಡ್ಲಿ ಎಲ್ಲವೂ ಒಂದೇ. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತೆ. ದಿನಕ್ಕೆ 400 ಕ್ಯಾಲರಿ ಕಡಿಮೆ ತಿಂದರೂ ಅದು ಕರಗೋಕೆ 19 ದಿನ ಬೇಕು. ಹಾಗಾಗಿ ರಾತ್ರಿ ಬೆಳಗಾಗೋದ್ರಲ್ಲಿ ಒಂದು ಕೆಜಿ ಏರುಪೇರಾದರೆ ಅದು ಕೊಬ್ಬಲ್ಲ. ಬಹುಪಾಲು ನೀರು, ಉಳಿದದ್ದು ಹೊಟ್ಟೆಯಲ್ಲಿರೋ ಊಟ.

ನಮ್ಮ ಕೋಟೆ ಮಾರಿಕಾಂಬ ಜಾತ್ರೆಯ ಕುಸ್ತಿ ಅಖಾಡದಲ್ಲಿ ಕೂತವರಿಗೆ ಇದನ್ನ ಹೇಳಿಕೊಡಬೇಕಿಲ್ಲ. ತೂಕದ ವಿಭಾಗಕ್ಕೆ ಕೂರೋಕೆ ಪೈಲ್ವಾನರು ಬೆವರು ಸುರಿಸಿ ನೀರು ಇಳಿಸೋದು ಹಳೇ ಪದ್ಧತಿ. 2024ರ ಆಗಸ್ಟ್ 7ರಂದು ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಅವರನ್ನು ಫೈನಲ್‌ನಿಂದ ಹೊರಗಿಟ್ಟಿದ್ದು 100 ಗ್ರಾಂ ತೂಕ. ಹಿಂದಿನ ದಿನ ಮೂರು ಕುಸ್ತಿ ಗೆದ್ದಿದ್ದ ದೇಹ, ಅವತ್ತು ಬೆಳಿಗ್ಗೆ 'ಅನರ್ಹ'. ಆ ನೂರು ಗ್ರಾಮಿಗೂ ಅವರ ದೇಹದಲ್ಲಿದ್ದ ಕೊಬ್ಬಿಗೂ ಸ್ನಾಯುವಿಗೂ ಯಾವ ಸಂಬಂಧವೂ ಇರಲಿಲ್ಲ.

ಬಿಎಂಐ ಕೂಡ ಇದೇ ತೂಕವನ್ನು ಎತ್ತರದ ವರ್ಗದಿಂದ ಭಾಗಿಸೋ ಲೆಕ್ಕ. 1830ರ ದಶಕದಲ್ಲಿ ಬೆಲ್ಜಿಯಂನ ಕ್ವೆಟೆಲೆ ಅನ್ನೋ ಗಣಿತಜ್ಞ ಮಾಡಿದ್ದು. ಅವರಿಗೆ ಬೇಕಿದ್ದದ್ದು ಜನಸಮೂಹದ ಸರಾಸರಿ, ನಿಮ್ಮ ಹೊಟ್ಟೆಯ ಕಥೆಯಲ್ಲ. ಭಾರತೀಯರಿಗೆ ನಮ್ಮ ವೈದ್ಯರು ಹಾಕಿರೋ ಗೆರೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. 170 ಸೆಂ.ಮೀ ಎತ್ತರದ ನನ್ನ ಬಿಎಂಐ ಮೂರು ತಿಂಗಳ ಹಿಂದೆ 25.6, ಈಗ 25.4. ಅಂದ್ರೆ ಅವತ್ತೂ ಬೊಜ್ಜು, ಇವತ್ತೂ ಬೊಜ್ಜು. ಪ್ಯಾಂಟಿನ ಸಾಕ್ಷಿಯನ್ನ ಇದು ಕೇಳಿಸಿಕೊಳ್ಳೋದೇ ಇಲ್ಲ.

ಸಣಕಲು, ಆದರೂ ಕೊಬ್ಬು

ಬಿಎಂಐ ಇನ್ನೊಂದು ದಿಕ್ಕಿನಲ್ಲೂ ತಪ್ಪುತ್ತೆ, ಅದು ಹೆಚ್ಚು ಅಪಾಯ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್‌ನ ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿಕೊಂಡರು. ಇಬ್ಬರ ಬಿಎಂಐ ಕೂಡ 22.3. ಆದರೆ ಸ್ಕ್ಯಾನ್ ಮಾಡಿದಾಗ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2.

ಇದರ ಬೇರು ಎಲ್ಲಿದೆ ಅಂತ ಹುಡುಕಿದವರಲ್ಲಿ ಮೈಸೂರಿನ ಸಂಶೋಧಕರೂ ಇದ್ದಾರೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1997-98ರಲ್ಲಿ ಹುಟ್ಟಿದ ಮಕ್ಕಳನ್ನು ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ವರ್ಷಗಟ್ಟಲೆ ಹಿಂಬಾಲಿಸಿ ಅಳೆದರು. ಬ್ರಿಟನ್ನಿನ ಮಕ್ಕಳಿಗಿಂತ ನಮ್ಮ ಮಕ್ಕಳ ತೂಕ ಕಡಿಮೆ, ಉದ್ದ ಕಡಿಮೆ, ತೋಳಿನ ಸುತ್ತಳತೆ ಕಡಿಮೆ. ಆದರೆ ಬೆನ್ನಿನ ಮೇಲ್ಭಾಗದ ಚರ್ಮದಡಿಯ ಕೊಬ್ಬು ಹುಟ್ಟುವಾಗಲೇ ಅವರಿಗೆ ಸರಿಸಮ, ನಾಲ್ಕನೇ ವರ್ಷಕ್ಕೆ ಅವರಿಗಿಂತ ಹೆಚ್ಚು.

ತಲೆಮಾರುಗಳಿಂದ ತಾಯಂದಿರಿಗೆ ಸಿಗದ ಊಟ ಮಗುವಿನ ಮೈಯಲ್ಲಿ ಹೀಗೆ ದಾಖಲಾಗುತ್ತೆ ಅನ್ನೋದು ಈ ಕ್ಷೇತ್ರದ ಸಂಶೋಧಕರ ಪ್ರಮುಖ ವಿವರಣೆ. ಹಾಗಾಗಿ ಹೊಟ್ಟೆ ಬಂದವರನ್ನೆಲ್ಲ 'ಸೋಮಾರಿ' ಅನ್ನೋ ಮೊದಲು ಸ್ವಲ್ಪ ಯೋಚಿಸಿ. ಬರೀ ತೂಕ ಇಳಿಸೋದು ನಮ್ಮಂಥವರಿಗೆ ಪರಿಹಾರವಲ್ಲ ಅನ್ನೋದೂ ಇದರಿಂದ ಗೊತ್ತಾಗುತ್ತೆ. ನಮ್ಮಲ್ಲಿ ಮೊದಲಿಂದಲೂ ಕಮ್ಮಿ ಇರೋದು ಸ್ನಾಯು. ಉಪವಾಸ ಬಿದ್ದು ಐದು ಕೆಜಿ ಇಳಿಸಿದರೆ ಅದರಲ್ಲಿ ಸ್ನಾಯುವೂ ಹೋಗುತ್ತೆ.

ಜಿಮ್ಮಿನ ಯಂತ್ರ ಏನು ಮಾಡುತ್ತೆ?

ಬರಿಗಾಲಲ್ಲಿ ನಿಂತು ಹಿಡಿಕೆ ಹಿಡಿದರೆ ಚೀಟಿ ಕೊಡುತ್ತಲ್ಲ, ಆ ಯಂತ್ರ ಕೊಬ್ಬನ್ನು ನೇರವಾಗಿ ಅಳೆಯಲ್ಲ. ಮೈಯಲ್ಲಿ ಸಣ್ಣ ವಿದ್ಯುತ್ ಹರಿಸಿ ಎಷ್ಟು ಅಡ್ಡಿಯಾಯ್ತು ಅಂತ ನೋಡುತ್ತೆ. ಉಪ್ಪುನೀರು ತುಂಬಿದ ಸ್ನಾಯುವಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತೆ, ಕೊಬ್ಬಿನಲ್ಲಿ ತಡೆಯಾಗುತ್ತೆ. ಆ ಅಡ್ಡಿಯಿಂದ ನೀರು, ನೀರಿನಿಂದ ಸ್ನಾಯು, ಉಳಿದದ್ದು ಕೊಬ್ಬು: ಇದು ಊಹೆಯ ಮೇಲೆ ಊಹೆ. ನೀರು ಕುಡಿದರೆ, ಬೆವರಿದರೆ, ಊಟ ಮಾಡಿದರೆ ಸಂಖ್ಯೆ ಬದಲಾಗುತ್ತೆ. ನನಗೆ ಒಂದು ಸಂಜೆ ಶೇ 24.6 ಅಂತ ಬಂದಿದ್ದು ಮಾರನೇ ದಿನ ಬೆಳಿಗ್ಗೆ 21 ಆಗಿತ್ತು. ದಶಮಾಂಶ ಇದೆ ಅಂದಮಾತ್ರಕ್ಕೆ ನಿಖರತೆ ಇದೆ ಅಂತಲ್ಲ.

ಹೆಚ್ಚು ನಂಬಿಕಸ್ಥ ವಿಧಾನ ಡೆಕ್ಸಾ ಸ್ಕ್ಯಾನ್, ಎರಡು ಬಗೆಯ ಎಕ್ಸ್-ರೇ ಹಾಯಿಸಿ ಮೂಳೆ, ಕೊಬ್ಬು, ಉಳಿದದ್ದನ್ನು ಬೇರ್ಪಡಿಸೋದು. ಆದರೆ ತಿಂಗಳು ತಿಂಗಳು ಅದಕ್ಕೆ ದುಡ್ಡು ಸುರಿಯೋದು ನಮ್ಮಂಥವರಿಗೆ ಆಗೋ ಮಾತಲ್ಲ.

ಹಾಗಿದ್ರೆ ಟೇಪು ಹಿಡೀರಿ

1984ರಲ್ಲಿ ಅಮೆರಿಕದ ನೌಕಾಪಡೆಗಾಗಿ ಹಾಡ್ಜ್‌ಡನ್ ಮತ್ತು ಬೆಕೆಟ್ ಒಂದು ಸೂತ್ರ ಮಾಡಿದರು. ಗಂಡಸರಿಗೆ ಎತ್ತರ, ಕತ್ತಿನ ಸುತ್ತಳತೆ, ಹೊಕ್ಕಳ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆ ಸಾಕು. ಹೆಂಗಸರಿಗೆ ಹೊಟ್ಟೆಯನ್ನು ಅತಿ ಸಣ್ಣ ಇರೋ ಕಡೆ ಅಳೆದು, ನಿತಂಬದ ಸುತ್ತಳತೆಯನ್ನೂ ಸೇರಿಸಬೇಕು. 'ನೇವಿ ಬಾಡಿ ಫ್ಯಾಟ್' ಅಂತ ಹುಡುಕಿದರೆ ಲೆಕ್ಕ ಹಾಕಿಕೊಡೋ ಪುಟಗಳು ಬೇಕಾದಷ್ಟಿವೆ.

ನನ್ನ ಕತ್ತು 37 ಸೆಂ.ಮೀ, ಹೊಟ್ಟೆ ಮೊದಲು 88, ಈಗ 86. ಸೂತ್ರದ ಪ್ರಕಾರ ಕೊಬ್ಬು ಶೇ 20.8ರಿಂದ 19.3ಕ್ಕೆ ಬಂದಿದೆ. ಕೆಜಿಗೆ ತಿರುಗಿಸಿದರೆ ಕೊಬ್ಬು 15.4ರಿಂದ 14.2, ಉಳಿದ ದೇಹ 58.6ರಿಂದ 59.3. ಅಮ್ಮ ನಕ್ಕ ಆ ಅರ್ಧ ಕೆಜಿಯ ಹಿಂದೆ 1.2 ಕೆಜಿ ಕೊಬ್ಬು ಹೋಗಿ, 700 ಗ್ರಾಂ ಬೇರೇನೋ ಬಂದಿತ್ತು.

ಆದರೆ ಈ ಸೂತ್ರವನ್ನೂ ಪೂರ್ತಿ ನಂಬಬೇಡಿ. ಟೇಪು ಒಂದು ಸೆಂ.ಮೀ ಜಾರಿದರೆ ಉತ್ತರ ಸುಮಾರು ಶೇ 0.7ರಷ್ಟು ಜಾರುತ್ತೆ. ಡೆಕ್ಸಾ ಜೊತೆ ಹೋಲಿಸಿದರೆ ಮೂರು-ನಾಲ್ಕು ಅಂಶ ಆಚೀಚೆ ಆಗಬಹುದು. ನಂಬಬೇಕಾದ್ದು ಸಂಖ್ಯೆಯನ್ನಲ್ಲ, ದಿಕ್ಕನ್ನು. ಅದಕ್ಕೆ ಒಂದೇ ಟೇಪು, ಬೆಳಿಗ್ಗೆ ಏನೂ ತಿನ್ನೋ ಮೊದಲು, ಸಹಜವಾಗಿ ಉಸಿರು ಬಿಟ್ಟ ಮೇಲೆ, ಮೂರು ಸಲ ಅಳೆದು ಸರಾಸರಿ. ಎರಡು ವಾರಕ್ಕೊಮ್ಮೆ ಸಾಕು. ಮುಟ್ಟಿನ ದಿನಗಳ ಆಸುಪಾಸು ಮೈಯಲ್ಲಿ ನೀರು ನಿಲ್ಲೋದರಿಂದ ಹೆಣ್ಣುಮಕ್ಕಳು ತಿಂಗಳ ಅದೇ ವಾರದ ಅಳತೆಯ ಜೊತೆ ಹೋಲಿಸಬೇಕು. ಇದರ ಪಕ್ಕದಲ್ಲಿ ಎಷ್ಟು ದಂಡ, ಎಷ್ಟು ಬಸ್ಕಿ, ಎಷ್ಟು ಕೆಜಿ ಎತ್ತಿದಿರಿ ಅಂತ ಬರೆದಿಡಿ. ಹೊಟ್ಟೆ ಇಳೀತಾ, ಎತ್ತೋ ಭಾರ ಏರ್ತಾ ಇದ್ದರೆ ನೀವು ಸರಿದಾರಿಯಲ್ಲಿದ್ದೀರಿ. ಅಳೆಯೋದೇ ಚಿಂತೆಯಾಗಿ ಊಟ ಸೇರದಂತಾದರೆ ಮಾತ್ರ ಟೇಪು ಪಕ್ಕಕ್ಕಿಟ್ಟು ವೈದ್ಯರ ಹತ್ರ ಮಾತಾಡಿ.

ಸ್ನಾಯು ಬರೋದು ತಟ್ಟೆಯಿಂದ

ಭದ್ರಾವತಿಯ ನಮ್ಮ ದೊಡ್ಡಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆ ಮುಂದೆ ಪಾಳಿ ಮಾಡಿದವರು. ತಟ್ಟೆ ತುಂಬಾ ಅನ್ನ ಉಂಡರೂ ಕರಗಿ ಹೋಗ್ತಿತ್ತು. ನಾನು ಲ್ಯಾಪ್‌ಟಾಪ್ ಮುಂದೆ ಕೂತು ದುಡಿಯೋನು, ತಟ್ಟೆ ಮಾತ್ರ ದೊಡ್ಡಪ್ಪನದ್ದೇ. ನಮ್ಮ ತಲೆಮಾರಿನ ಹೊಟ್ಟೆಯ ಕಥೆ ಬಹುಪಾಲು ಇಷ್ಟೇ.

ಐಸಿಎಂಆರ್ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಕೆಜಿಗೆ 0.83 ಗ್ರಾಂ ಪ್ರೋಟೀನ್ ಬೇಕು. ನನಗೆ ಸುಮಾರು 61 ಗ್ರಾಂ. ಭಾರ ಎತ್ತಿ ಸ್ನಾಯು ಬೆಳೆಸೋರಿಗೆ ಕೆಜಿಗೆ 1.6 ಗ್ರಾಂವರೆಗೆ ಪ್ರಯೋಜನ ಇದೆ ಅನ್ನೋದು 2018ರ ಒಂದು ದೊಡ್ಡ ವಿಶ್ಲೇಷಣೆಯ ಸಾರಾಂಶ. ನನಗೆ ಅದು 118 ಗ್ರಾಂ. ಕಿಡ್ನಿ ತೊಂದರೆ ಇರೋರು ವೈದ್ಯರನ್ನು ಕೇಳದೆ ಈ ಲೆಕ್ಕಕ್ಕೆ ಕೈ ಹಾಕಬಾರದು.

ಒಂದು ಮೊಟ್ಟೆಯಲ್ಲಿ 6 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16, ಐವತ್ತು ಗ್ರಾಂ ಹುರುಳಿ ಅಥವಾ ತೊಗರಿಬೇಳೆಯಲ್ಲಿ 11, ಐವತ್ತು ಗ್ರಾಂ ಸೋಯಾ ಚಂಕ್ಸ್‌ನಲ್ಲಿ 26, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7. ಪೌಡರ್ ಡಬ್ಬ ಇಲ್ಲದೆಯೂ ಲೆಕ್ಕ ಕೂಡುತ್ತೆ. ಆದರೆ ತಟ್ಟೆಯಲ್ಲಿ ಅನ್ನ ಕಡಿಮೆಯಾಗಿ ಬೇಳೆ, ಮೊಟ್ಟೆ ಹೆಚ್ಚಾಗಬೇಕು. ಅಕ್ಕಿಗಿಂತ ಅವು ದುಬಾರಿ.

ಅದಕ್ಕೇ ಇದು ಜಿಮ್ಮಿನೊಳಗೆ ಮುಗಿಯೋ ವಿಷಯ ಅಲ್ಲ. 2021ರ ಡಿಸೆಂಬರ್‌ನಲ್ಲಿ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡೋಕೆ ಶುರುಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದ್ದು ನಿಮಗೆ ನೆನಪಿರಬಹುದು. ಬೇಡ ಅಂದ ಮಕ್ಕಳಿಗೆ ಬಾಳೆಹಣ್ಣು ಇತ್ತು, ಆದರೂ ಗಲಾಟೆ ಆಯ್ತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ಅದು ವಾರಕ್ಕೆ ಆರು ದಿನ ಆಯ್ತು. ಮೈಸೂರಿನ ಆ ಮಕ್ಕಳ ಅಳತೆ ಪಕ್ಕದಲ್ಲಿಟ್ಟು ನೋಡಿದರೆ, ಆ ಮೊಟ್ಟೆ ನಾನು ಕಟ್ಟೋ ಜಿಮ್ ಫೀಜಿಗಿಂತ ದೊಡ್ಡ ಕೆಲಸ ಮಾಡ್ತಿದೆ.

ಕೊನೆಗೆ, ಟೇಪೂ ಇಲ್ಲದೆ ಮಾಡೋ ಒಂದು ಪರೀಕ್ಷೆ. ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ, ಎರಡಾಗಿ ಮಡಚಿ, ಹೊಟ್ಟೆಗೆ ಸುತ್ತಿ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಅಂತ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2022ರಿಂದ ಹೇಳ್ತಿದೆ. ದಾರದ ಎರಡು ತುದಿ ಕೂಡಿದರೆ ಸರಿ. ನನಗೆ ಇನ್ನೂ ಒಂದು ಸೆಂಟಿಮೀಟರ್ ಕೂಡ್ತಿಲ್ಲ. ಎರಡು ವಾರ ಬಿಟ್ಟು ಮತ್ತೆ ನೋಡ್ತೀನಿ.